ಭಾವನ ಕೈಯಲ್ಲಿ ಎಲೆ ಎತ್ತಿಸಲು ಕಟ್ಟಿದ ತಂಡ

ಬೇಸ್‌ಬಾಲ್ ಎಂಬ ಆಟವನ್ನು ನಾನು ಈವರೆಗೆ ಕಣ್ಣಾರೆ ಕಂಡವನಲ್ಲ. ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಆ ಆಟದ ಒಂದು ದೊಣ್ಣೆ ಇದ್ದರೂ ಅದು ಯಾರದೋ ಕಾರಿನ ಸೀಟಿನಡಿ, ಜಗಳಕ್ಕೆ ಬೇಕಾದೀತೆಂದು ಇಟ್ಟದ್ದಾಗಿರಬೇಕು. ಆದರೂ ಹೋದ ವರ್ಷ ನಾನು ಆ ಆಟದ ಒಂದು ತಂಡ ಕಟ್ಟಿದೆ. ಮೊಬೈಲಿನೊಳಗೆ. ಹೆಸರು ಮಾಡಲಿಕ್ಕಲ್ಲ, ಹೊತ್ತು ಕಳೆಯಲಿಕ್ಕೂ ಅಲ್ಲ. ನನ್ನ ಸೋದರತ್ತೆಯ ಮಗ ಎಲ್ಲ ನೆಂಟರ ಮುಂದೆ ಸೊಂಟ ಬಗ್ಗಿಸಿ ಎಂಜಲೆಲೆ ಎತ್ತುವುದನ್ನು ನೋಡಬೇಕು ಎಂಬ ಒಂದೇ ಆಸೆಗೆ.

ಸೋದರತ್ತೆಯ ಮಗ ಎಂದರೆ ನಮ್ಮ ಕಡೆ ಭಾವ. ಅವನು ನನಗಿಂತ ಕೆಲವೇ ತಿಂಗಳು ದೊಡ್ಡವನು. ಆ ಕೆಲವು ತಿಂಗಳ ಬಲದ ಮೇಲೆ ಅವನು ನನ್ನನ್ನು ‘ಲೇ’ ಅನ್ನಬಹುದು, ನಾನು ಮಾತ್ರ ಅವನಿಗೆ ‘ನೀವು’ ಅನ್ನಬೇಕು. ಇದು ನಮ್ಮಜ್ಜಿಯ ಕಾನೂನು. ಅಜ್ಜಿಗೆ ಅವನು ಮಗಳ ಮಗ, ಯಾವಾಗಲೋ ಒಮ್ಮೆ ಬರುವವನು. ನಾನು ಮಗನ ಮಗ, ದಿನವೂ ಮನೆಯಲ್ಲೇ ಬಿದ್ದಿರುವವನು. ಅವನು ಬಂದರೆ ಮನೆಗೆ ಬೆಳಕು. ನಾನು ಆ ಮನೆಯ ಕರೆಂಟ್ ಬಿಲ್ಲು.

ಭಾವನಿಗೆ ಕೆ.ಆರ್. ನಗರದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಗಿರಾಕಿಗಳ ಫೋನು ಬಿಚ್ಚಿ ಹರಡಿಕೊಂಡು ತನ್ನ ಫೋನಿನಲ್ಲಿ ಗೇಮ್ ಆಡುವುದು ಅಲ್ಲಿ ನಡೆಯುವ ಮುಖ್ಯ ಕೆಲಸ. ಹೋದ ವರ್ಷದ ಬೇಸಿಗೆಯಲ್ಲಿ ಅವನ ಅಕ್ಕನ ಮದುವೆಯಾಗಿ, ಸಾಲಿಗ್ರಾಮದ ಒಂದು ಛತ್ರದಲ್ಲಿ ಬೀಗರೂಟ ಇಟ್ಟಿದ್ದರು. ಮದುವೆಯ ಸಿಹಿಯೂಟದಲ್ಲಿ ಬಾಯಿ ಕೆಡಿಸಿಕೊಂಡಿದ್ದ ಎರಡೂ ಕಡೆಯ ನೆಂಟರು ಮಟನ್ ವಾಸನೆ ಹಿಡಿದು ಬೆಳಿಗ್ಗೆಯಿಂದಲೇ ಬಂದು ಕೂತಿದ್ದರು. ಮೊದಲ ಪಂಕ್ತಿಯಲ್ಲಿ ಜಾಗ ಸಿಗದ ನಾವು ಹುಡುಗರು ಗೋಡೆಗೊರಗಿ ನಿಂತಿದ್ದೆವು. ಭಾವ ಜೇಬಿನಿಂದ ಫೋನು ತೆಗೆದ.

“ಕ್ರಿಕೆಟ್ಟು ಯಾರ್ ಬೇಕಾದ್ರೂ ಆಡ್ತಾರೆ ಕಣ್ಲಾ. ಇದ್ನ ಆಡು ನೋಡಾವ. ಇದ್ಕೆ ತಲೆ ಬೇಕು.”

“ಬ್ಯಾಟು ಬಾಲು ಅದೆ ತಾನೆ ಬಾವ? ಕೊಡಿ ಇತ್ಲಾಗೆ,” ಎಂದೆ. ನಮ್ಮೂರ ಕೆರೆ ಬಯಲಲ್ಲಿ ನಾನು ಓಪನಿಂಗ್ ಬ್ಯಾಟ್ಸ್‌ಮನ್. ದೊಣ್ಣೆ ಯಾವ ದೇಶದ್ದಾದರೇನು ಎಂಬ ಧೈರ್ಯ.

ಅಷ್ಟರಲ್ಲಿ ಅಡುಗೆಯವನು ಬಂದು, ಎಲೆ ಎತ್ತುವ ಇಬ್ಬರು ಕೈಕೊಟ್ಟಿದ್ದಾರೆಂದು ಗೋಳಾಡಿದ. ಭಾವನ ಕಣ್ಣು ಮಿಂಚಿತು.

“ಸೋತೋರು ಈ ಪಂಕ್ತಿ ಎಲೆ ಎತ್ತೋದು. ಆಯ್ತೇನ್ಲಾ ಬಾಮೈದ?”

“ಆಯ್ತು ಬಾವ. ನಿಮ್ ಪಂಚೆ ಎತ್ತಿ ಕಟ್ಕೊಳಿ, ಸಾರಾಯ್ತದೆ,” ಎಂದೆ. ಆ ಮಾತನ್ನು ಈಗ ನೆನೆದರೂ ನನ್ನ ಕಿವಿ ಬಿಸಿಯಾಗುತ್ತದೆ.

ಆಟ ಹೀಗೆ. ಒಬ್ಬ ಎಸೆಯುತ್ತಾನೆ, ಇನ್ನೊಬ್ಬ ಹೊಡೆಯುತ್ತಾನೆ. ಹೊಡೆದವನು ಚೌಕದ ಮೂಲೆಗಳನ್ನೆಲ್ಲ ಸುತ್ತಿ ಹೊರಟಲ್ಲಿಗೇ ಬಂದರೆ ಒಂದು ರನ್. ಬೀಸಿದ್ದು ಮೂರು ಸಲ ತಪ್ಪಿದರೆ ಔಟು, ಮೂರು ಜನ ಔಟಾದರೆ ಪಾಳಿ ಮುಗಿಯಿತು. ಬೇಲಿಯಾಚೆ ಹೊಡೆದರೆ ಹೋಮ್ ರನ್, ಆಗ ಮೂಲೆಗಳಲ್ಲಿ ನಿಂತವರೆಲ್ಲ ಮನೆಗೆ. ಮೊಬೈಲಿನಲ್ಲಿ ಮೂರು ಪಾಳಿಯ ಆಟ. ಇಷ್ಟನ್ನು ಭಾವ ನನಗೆ ಹೇಳಿದ್ದು ಆಟ ಮುಗಿದ ಮೇಲೆ.

ಮೊದಲ ಚೆಂಡಿಗೆ ನಾನು ಏನು ಮಾಡಿದೆ ಗೊತ್ತೆ? ತಡೆದೆ. ಬ್ಯಾಟು ನೇರ ಹಿಡಿದು ಮೆತ್ತಗೆ ಕಾಲ ಬುಡಕ್ಕೆ ಕೆಡವಿ, ವಿಕೆಟ್ಟು ಉಳಿಸಿಕೊಂಡೆನೆಂದು ಉಸಿರು ಬಿಟ್ಟೆ. ಅಲ್ಲಿ ವಿಕೆಟ್ಟೇ ಇರಲಿಲ್ಲ. ಅವರ ಕಡೆಯವನು ನಿಧಾನವಾಗಿ ನಡೆದುಬಂದು ಚೆಂಡು ಎತ್ತಿಕೊಂಡು ನನ್ನವನನ್ನು ಔಟು ಮಾಡಿದ. ಎರಡನೆಯವನ ಕೈಯಲ್ಲಿ ಥರ್ಡ್ ಮ್ಯಾನ್ ಕಡೆಗೆ ಸೊಗಸಾಗಿ ಕಟ್ ಹೊಡೆಸಿದೆ. ಹಿಂದಕ್ಕೆ ಹೋದ ಚೆಂಡು ಆ ಆಟದಲ್ಲಿ ಫೌಲಂತೆ. ನಾನು ಅದನ್ನೇ ಮತ್ತೆ ಮತ್ತೆ ಹೊಡೆದೆ, ಪ್ರತಿ ಸಲವೂ ಬೌಂಡರಿಯೆಂದು ಕೈ ಎತ್ತಿದೆ.

ಇವೆಲ್ಲ ಸಣ್ಣವು. ದೊಡ್ಡದು ನಾನು ಎಸೆಯುವ ಪಾಳಿಯಲ್ಲಿ ಆಯಿತು. ಆರು ಚೆಂಡು ಎಸೆದೆ. ಓವರ್ ಮುಗಿಯಿತು. ಬೌಲರನ್ನು ಬದಲಿಸಿದೆ. ಮತ್ತೆ ಆರು, ಮತ್ತೆ ಬದಲಿಸಿದೆ. ಪ್ರತಿ ಸಲವೂ ಗೇಮು ಏನೋ ಇಂಗ್ಲಿಷಿನಲ್ಲಿ ಎಚ್ಚರಿಸುತ್ತಿತ್ತು, ನಾನು ಓಕೆ ಒತ್ತುತ್ತಿದ್ದೆ. ಆ ಆಟದಲ್ಲಿ ಓವರ್ ಎಂಬುದಿಲ್ಲ, ಒಮ್ಮೆ ಹೊರಹೋದವನು ಮತ್ತೆ ಒಳಬರುವಂತಿಲ್ಲ ಎಂಬುದು ಸಾಲಿಗ್ರಾಮದ ಛತ್ರದಲ್ಲಿ ನಿಂತ ನನಗೆ ಹೇಗೆ ಗೊತ್ತಾಗಬೇಕು? ಎರಡನೆಯ ಪಾಳಿ ಮುಗಿಯುವುದರೊಳಗೆ ನನ್ನ ಎಸೆಗಾರರೆಲ್ಲ ಮನೆಗೆ ಹೋಗಿ, ಎಸೆಯಲು ಬಾರದ ಒಬ್ಬ ದಡೂತಿ ಕೀಪರ್ ನಡುವೆ ನಿಂತು ಗೊಬ್ಬರ ಚೆಲ್ಲುವವನ ಹಾಗೆ ಚೆಂಡು ಚೆಲ್ಲುತ್ತಿದ್ದ.

ಬೆನ್ನ ಹಿಂದೆ ಅರ್ಧ ಛತ್ರವೇ ನೆರೆದಿತ್ತು. ಇಪ್ಪತ್ತೊಂದು–ಸೊನ್ನೆ.

“ಅಲ್ಲಿ ಬಕೆಟ್ಟದೆ,” ಎಂದ ಭಾವ.

ಹೊಸ ಶರಟು ತೊಟ್ಟು, ಸೆಂಟು ಹಾಕಿಕೊಂಡು ಬಂದಿದ್ದ ನಾನು ಬಗ್ಗಿದೆ. ಒಂದು ಎಲೆ ಮಡಚುವಾಗ ಮೂಳೆ ಜಾರಿ ಗಂಡಿನ ಕಡೆಯ ಹಿರಿಯರೊಬ್ಬರ ಮಡಿಲಿಗೆ ಬಿತ್ತು. ಅವರು ಬೈಯಲಿಲ್ಲ. ಕನಿಕರದಿಂದ ನೋಡಿ, “ಒಸಬ ಏನಪ್ಪ? ಇಲ್ಲಿ ಒಗ್ಗದಿದ್ರೆ ನಮ್ಮೂರ್ಗೆ ಬಾ, ಕುರಿ ಕಾಯಕ್ಕೆ ಒಬ್ರು ಬೇಕಾಗವ್ರೆ,” ಎಂದರು. ನಾನು ಹೆಣ್ಣಿನ ಸೋದರಮಾವನ ಮಗ ಎಂದು ಹೇಳಲು ಬಾಯಿ ತೆರೆದೆ. ಆದರೆ ಕೈಯಲ್ಲಿ ಬಕೆಟ್ಟಿತ್ತು. ಬಕೆಟ್ ಹಿಡಿದವನ ನೆಂಟಸ್ತನವನ್ನು ಯಾರು ನಂಬುತ್ತಾರೆ?

ಆ ಹೊತ್ತಿನಲ್ಲಿ ಭಾವ ನನ್ನ ಫೋಟೋ ತೆಗೆದ. ಅದನ್ನು ಕತ್ತರಿಸಿ ಸ್ಟಿಕ್ಕರ್ ಮಾಡಿ ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಬಿಟ್ಟ. ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಎಂಜಲೆಲೆ, ಅರ್ಧ ತೆರೆದ ಬಾಯಿ. ಅಂದಿನಿಂದ ಗುಂಪಿನಲ್ಲಿ ಯಾರು ‘ಶುಭೋದಯ’ ಎಂದರೂ ಉತ್ತರ ನಾನು. ಹುಟ್ಟುಹಬ್ಬಕ್ಕೆ ನಾನು. ಯಾರೋ ದೂರದ ನೆಂಟರು ತೀರಿಕೊಂಡ ಸುದ್ದಿಗೂ ಹುಣಸೂರಿನ ಚಿಕ್ಕಮ್ಮ ಕೈಮುಗಿಯುವ ಚಿತ್ರ ಒತ್ತಲು ಹೋಗಿ ನನ್ನನ್ನು ಒತ್ತಿದರು. ಸತ್ತವರ ಮನೆಗೂ ನಾನು ಬಕೆಟ್ ಹಿಡಿದು ಹೋದೆ. ಕೊನೆಗೆ ನಮ್ಮವ್ವ ಕೂಡ ಕಳಿಸತೊಡಗಿದಳು. ಕೇಳಿದರೆ, “ಚೆಂದಾಗಿ ಬಿದ್ದಿದ್ದೀಯ ಕಣ್ಲಾ, ಶರ್ಟು ಒಪ್ತದೆ,” ಅಂದಳು.

ಅವತ್ತೇ ಗೇಮ್ ಡೌನ್‌ಲೋಡ್ ಮಾಡಿದೆ.

ತಂಡ ಕಟ್ಟುವ ವಿದ್ಯೆ ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಹಂಪಾಪುರದ ಕಡೆ ನಡೆಯುವ ಟೆನಿಸ್ ಬಾಲ್ ಟೂರ್ನಮೆಂಟಿಗೆ ನಮ್ಮೂರಿನಿಂದ ತಂಡ ಹೋಗುವಾಗ ಆಯ್ಕೆಯ ನಿಯಮ ಒಂದೇ: ತೆಂಗಿನ ಮರದ ಮೇಲಿಂದ ಚೆಂಡು ದಾಟಿಸುವವನು ತಂಡಕ್ಕೆ. ಹಿಡಿಯುವುದು, ಎಸೆಯುವುದು, ಓಡುವುದು ಎಲ್ಲ ಆಮೇಲೆ. ಅವರೆಷ್ಟೇ ಹೊಡೆಯಲಿ, ನಾವು ಇನ್ನೊಂದು ಹೆಚ್ಚು ಹೊಡೆದರಾಯಿತು. ಬೌಲಿಂಗಿಗೆ ಎಲ್ಲರೂ ಒಂದೊಂದು ಓವರ್. ನಾವು ಸದಾ ಮೊದಲ ಸುತ್ತಿನಲ್ಲೇ ಸೋತು, ಊಟ ಮಾಡಿಕೊಂಡು ಬರುತ್ತಿದ್ದೆವು. ಆದರೂ ಆ ನಿಯಮದ ಮೇಲೆ ಯಾರಿಗೂ ಅನುಮಾನ ಬಂದಿರಲಿಲ್ಲ.

ಗೇಮಿನಲ್ಲಿ ಪ್ರತಿ ಆಟಗಾರನಿಗೂ ಒಂದು ಕಾರ್ಡು. ಅದರ ಮೇಲೆ ಅವನ ಗುಣಗಳ ಅಂಕಿ: ಹೊಡೆತದ ಬಲ, ಚೆಂಡಿಗೆ ಬ್ಯಾಟು ತಾಗಿಸುವ ನಯ, ಓಟ, ಹಿಡಿತ, ಎಸೆತ. ನನ್ನ ಕಣ್ಣಿಗೆ ಮೊದಲನೆಯದು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಚಿಗರೆಯಂತೆ ಓಡುವ ಒಬ್ಬ ಸಣಕಲನನ್ನು ಕೊಟ್ಟು ಹಲಸಿನ ಹಣ್ಣಿನಂಥ ತೋಳಿನ ಗಡ್ಡದವನನ್ನು ತಂದೆ. ಎಂಥ ಚೆಂಡನ್ನೂ ಹಾರಿ ಹಿಡಿಯುವ ಇನ್ನೊಬ್ಬನನ್ನು ಕೊಟ್ಟು ಒಬ್ಬ ಹೊಟ್ಟೆಯವನನ್ನು ತಂದೆ. ಅವನ ಹೊಟ್ಟೆ ಪರದೆಯ ಒಳಗೆ ಮೊದಲು ಬರುತ್ತಿತ್ತು, ಅವನು ಆಮೇಲೆ. ಬಲ ಮಾತ್ರ ಎಲ್ಲರಿಗಿಂತ ಹೆಚ್ಚು. ಹೀಗೆ ಪೂರ್ತಿ ತಂಡ ಪವರ್ ಹಿಟ್ಟರ್‌ಗಳಿಂದ ತುಂಬಿತು. ಸಾಲಾಗಿ ನಿಲ್ಲಿಸಿ ನೋಡಿದರೆ ಕುಸ್ತಿಗೆ ಹೊರಟವರ ಹಾಗಿದ್ದರು.

ಮೊದಲು ಆಡಿದ್ದು ಜಪಾನಿನ ಬಾವುಟ ಹಾಕಿಕೊಂಡಿದ್ದ ಯಾರೋ ಅಪರಿಚಿತನ ಜತೆ. ಅವನು ಮೆಲ್ಲಗೆ ಚೆಂಡು ತಳ್ಳಿದ. ಅದು ನನ್ನ ಹೊಟ್ಟೆಯವನ ಕಾಲುಗಳ ನಡುವೆ ಉರುಳಿಕೊಂಡು ಹೋಯಿತು. ಅವನು ಬಗ್ಗಿದ. ಬಗ್ಗುತ್ತಲೇ ಇದ್ದ. ಅವನು ಎದ್ದು ನಿಲ್ಲುವುದರೊಳಗೆ ಜಪಾನಿನವರು ಮೂಲೆ ಸುತ್ತಿ, ಮನೆಗೆ ಬಂದು, ಕೈಕಾಲು ತೊಳೆದುಕೊಂಡಿದ್ದರು. ನಮ್ಮ ಪಾಳಿಯಲ್ಲಿ ಗಡ್ಡದವನು ಬೀಸಿದ ರಭಸಕ್ಕೆ ನನ್ನ ಫೋನೇ ನಡುಗಿತು, ಚೆಂಡಿಗೆ ಮಾತ್ರ ಏನೂ ಆಗಲಿಲ್ಲ.

ಪಕ್ಕದಲ್ಲಿ ಕೂತಿದ್ದ ತಂಗಿ ನೋಡಿದಳು. ಅವಳು ಹುಣಸೂರಿನಲ್ಲಿ ಡಿಗ್ರಿ ಓದುತ್ತಾಳೆ, ಬಾಯಿ ಮಾತ್ರ ಎಂದೋ ಪಾಸಾಗಿದೆ.

“ಅಣ್ಣ, ಉಣ್ಣಕ್ಕೆ ಎಲ್ರೂ ಅವ್ರೆ, ಗೇಯಕ್ಕೆ ಒಬ್ರೂ ಇಲ್ಲ. ನಿನ್ನನ್ನೇ ಕನ್ನಡಿಲಿ ನೋಡ್ಕೊಂಡು ಟೀಮ್ ಕಟ್ಟಿದ್ದೀಯ.”

“ಓಗ್ ಓದ್ಕೊ ಓಗು.”

“ನಾನೇನೋ ಓದ್ಕೊತೀನಿ. ನಿಂಗೆ ಬಕೆಟ್ಟು ಪ್ಲಾಸ್ಟಿಕ್ಕಿಂದ್ ಬೇಕೋ ಸ್ಟೀಲಿಂದೋ?”

ಮಳೆಗಾಲ ಬಂತು. ನಮ್ಮ ರಾವಂದೂರಿನ ಕಡೆ ಆಗ ಹೊಗೆಸೊಪ್ಪು ಕೀಳುವ ಕಾಲ. ಕಿತ್ತ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ಬ್ಯಾರನ್ ಎಂಬ ಎತ್ತರದ ಬೇಯಿಸುವ ಕೋಣೆಯಲ್ಲಿ ಏರಿಸಿ, ಹೊರಗಿನಿಂದ ಒಲೆಗೆ ಸೌದೆ ಹಾಕುತ್ತ ಹದವಾಗಿ ಬೇಯಿಸಬೇಕು. ಬಿಸಿ ಸ್ವಲ್ಪ ಏರುಪೇರಾದರೂ ಬಣ್ಣ ಕೆಡುತ್ತದೆ. ಅಪ್ಪ ಒಂದು ಮಧ್ಯಾಹ್ನ ನನ್ನನ್ನು ಒಲೆ ಮುಂದೆ ಕೂರಿಸಿ ಹೊಲಕ್ಕೆ ಹೋದ. ಒಲೆಗೆ ಸೌದೆ ಹಾಕಿದೆ. ಒಂದು ಪಾಳಿ ಆಡಿದೆ. ಸೋಲುತ್ತಿದ್ದೆ, ಸಿಟ್ಟು ಬಂತು, ಆ ಸಿಟ್ಟಿನಲ್ಲಿ ಕೈಗೆ ಸಿಕ್ಕ ಸೌದೆಯನ್ನೆಲ್ಲ ಒಲೆಗೆ ತುರುಕಿದೆ. ಒಂದೊಂದು ತುಂಡೂ ಭಾವನ ತಲೆಯೆಂದೇ ತುರುಕಿದೆ. ಥರ್ಮಾಮೀಟರ್ ನೋಡುವುದು ನೆನಪಾದಾಗ ಒಳಗಿನಿಂದ ಬೇರೆಯೇ ವಾಸನೆ ಬರುತ್ತಿತ್ತು.

“ಏನ್ಲಾ ಇದು ಬಣ್ಣ? ಸೊಪ್ಪು ಬೇಯ್ಸು ಅಂದ್ರೆ ಅಮಾಸೆ ಮಾಡಿ ಮಡಗಿದ್ದೀಯಲ್ಲ!” ಎಂದ ಅಪ್ಪ.

“ಒಂದ್ ಪಾಳಿ ಬಾಕಿ ಇತ್ತು ಕಣಪ್ಪ...”

ಅಪ್ಪ ಚಪ್ಪಲಿ ಹುಡುಕಿದ. ಪುಣ್ಯಕ್ಕೆ ಹೊಲದಿಂದ ಬರಿಗಾಲಲ್ಲಿ ಬಂದಿದ್ದ.

ಶಿಕ್ಷೆಯಾಗಿ ಜಗಲಿಯ ಮೇಲೆ ಕೂತು ಬೆಂದ ಸೊಪ್ಪು ಬೇರೆ ಮಾಡುವ ಕೆಲಸ ಸಿಕ್ಕಿತು. ಕೂತು ಕೂತು ಬೇಜಾರಾಗಿ ಎಲ್ಲವನ್ನೂ ಒಂದೇ ಕಡೆ ಪೇರಿಸತೊಡಗಿದಾಗ ಅಪ್ಪ ಗದರಿದ: “ಎಲ್ಲಾನೂ ಒಂದೇ ರಾಶಿಗೆ ಸುರೀತೀಯೇನ್ಲಾ? ಬುಡದ ಸೊಪ್ಪು ಬ್ಯಾರೆ, ನಡುವಿಂದು ಬ್ಯಾರೆ, ತುದಿದು ಬ್ಯಾರೆ. ಯಾವ್ದನ್ನ ಎಲ್ಲಿ ಮಡಗ್ಬೇಕೋ ಅಲ್ಲೇ ಮಡಗು.”

ಬೈಸಿಕೊಂಡೇ ಮಡಗಿದೆ. ಮಡಗುತ್ತ ಮಡಗುತ್ತ ನನ್ನ ತಂಡ ಕಣ್ಣ ಮುಂದೆ ಬಂತು. ನಾನು ತುದಿಯ ಸೊಪ್ಪನ್ನಷ್ಟೇ ತಂದು ರಾಶಿ ಹಾಕಿದ್ದೆ. ಅಂದು ಸಂಜೆಯಿಂದ ಆಟಗಾರರನ್ನೂ ಹಾಗೇ ಬೇರೆ ಮಾಡಿದೆ. ಹೊಡೆಯುವವರು ಮೂರೇ ಜನ ಸಾಕು: ಗಡ್ಡದವನು, ಹೊಟ್ಟೆಯವನು, ಇನ್ನೊಬ್ಬ ಎಡಗೈಯವನು. ಚೆಂಡು ಹೆಚ್ಚು ಬರುವ ನಡುಜಾಗಕ್ಕೆ ಹಿಡಿಯಬಲ್ಲವರು. ಹೊಟ್ಟೆಯವನಿಗೆ ಓಡುವ ಕೆಲಸವೇ ಇಲ್ಲದ ಮೊದಲ ಮೂಲೆ. ಹಿಂದೆ ಕೊಟ್ಟುಬಿಟ್ಟಿದ್ದ ಸಣಕಲನನ್ನು ಎರಡರಷ್ಟು ಕಾರ್ಡು ಸುರಿದು ವಾಪಸು ತಂದೆ. ಅವನ ಮುಖದಲ್ಲಿ ‘ಬುದ್ಧಿ ಬಂತಾ’ ಎಂಬ ನಗು ಇದ್ದಂತೆ ನನಗೆ ಕಂಡಿತು.

ಹೊಡೆಯುವ ಸರದಿಯಲ್ಲೂ ನಾನು ಕ್ರಿಕೆಟ್ಟಿನ ಬುದ್ಧಿಯನ್ನೇ ಓಡಿಸಿದ್ದೆ. ಎಲ್ಲರಿಗಿಂತ ಜೋರಾಗಿ ಹೊಡೆಯುವವನು ಓಪನಿಂಗ್. ಅವನು ಚೆಂಡನ್ನು ಬೇಲಿಯಾಚೆ ಕಳಿಸಿದಾಗ ಮೂಲೆಗಳಲ್ಲಿ ಒಬ್ಬನೂ ಇರುತ್ತಿರಲಿಲ್ಲ. ಅಷ್ಟು ದೊಡ್ಡ ಹೊಡೆತಕ್ಕೆ ಸಿಗುತ್ತಿದ್ದದ್ದು ಒಂದೇ ರನ್ನು. ಈಗ ಸಣಕಲನನ್ನೂ ಅವನಂಥ ಇನ್ನಿಬ್ಬರನ್ನೂ ಮುಂದೆ ಬಿಟ್ಟು, ಅವರು ಮೂಲೆಗಳಲ್ಲಿ ಹೋಗಿ ನಿಂತ ಮೇಲೆ ದಡೂತಿಗಳು ಬರುವ ಹಾಗೆ ಜೋಡಿಸಿದೆ.

ಉಳಿದದ್ದು ನನ್ನ ಕೈ. ವೈಡ್ ಚೆಂಡು ಕಂಡರೆ ಬೀಸುವುದು ನನಗೆ ಕೆರೆ ಬಯಲಿನ ಚಟ. ಆ ಆಟದಲ್ಲಿ ಅಂಥ ನಾಲ್ಕು ಚೆಂಡನ್ನು ಸುಮ್ಮನೆ ಬಿಟ್ಟರೆ ಒಬ್ಬ ಪುಕ್ಕಟೆಯಾಗಿ ಮೊದಲ ಮೂಲೆಗೆ ಹೋಗಿ ನಿಲ್ಲಬಹುದು. ಆದರೆ ಸುಮ್ಮನಿರುವುದೇ ಕಷ್ಟ. ಅದಕ್ಕೆ ತಂಗಿ ಸೊಪ್ಪು ಕಟ್ಟುವ ಕಡ್ಡಿ ಹಿಡಿದು ಪಕ್ಕದಲ್ಲಿ ಕೂತಳು. ನಾನು ವೈಡಿಗೆ ಬೀಸಿದಾಗೆಲ್ಲ ಗೆಣ್ಣಿನ ಮೇಲೆ ಒಂದು. ಹುಟ್ಟಿದಾಗಿನಿಂದ ನನ್ನ ಮೇಲಿದ್ದ ಸೇಡನ್ನೆಲ್ಲ ಅವಳು ಆ ಮಳೆಗಾಲದಲ್ಲಿ ತೀರಿಸಿಕೊಂಡಳು. ನನ್ನ ಗೆಣ್ಣು ಊದಿತು, ಚಟ ಇಳಿಯಿತು.

ಪಿತೃಪಕ್ಷ ಹತ್ತಿರ ಬಂತು. ನಮ್ಮ ಕಡೆ ಅದಕ್ಕೆ ಬರೀ ಪಕ್ಷ ಅನ್ನುತ್ತಾರೆ. ತೀರಿಕೊಂಡ ಹಿರಿಯರಿಗೆ ಎಡೆ ಇಟ್ಟು, ನೆಂಟರನ್ನೆಲ್ಲ ಕರೆದು ಊಟ ಹಾಕುವ ಹಬ್ಬ. ಭಾವನಿಗೆ ವಾಯ್ಸ್ ಮೆಸೇಜ್ ಕಳಿಸಿದೆ: “ಬಾವ, ಪಕ್ಷಕ್ಕೆ ಬತ್ತೀರಲ್ಲ? ಫೋನ್ ಚಾರ್ಜ್ ಮಾಡ್ಕೊಂಡ್ ಬನ್ನಿ. ಅದೇ ಆಟ, ಅದೇ ಷರತ್ತು. ಸೋತೋರು ಎಲೆ ಎತ್ತೋದು.”

ಮೊದಲು ನನ್ನದೇ ಸ್ಟಿಕ್ಕರ್ ಬಂತು. ಹಿಂದೆಯೇ ಅವನ ದನಿ: “ನಮ್ಮಜ್ಜಿ ಮನೇಲಿ ತಾನೆ? ಆಯ್ತು ಬುಡು. ಎತ್ತೋದೇಯ.” ಆಮೇಲೆ ಬಹಳ ಹೊತ್ತು ನಗು. ನನ್ನನ್ನು ನೆನೆದು ನಗುತ್ತಿದ್ದಾನೆ ಎಂದು ಹಲ್ಲು ಕಡಿದೆ.

ಹಬ್ಬದ ದಿನ ಅತ್ತೆಯ ಮನೆಯವರೆಲ್ಲ ಬಂದರು. ನಡುಮನೆಯ ಪಕ್ಕದ ಕೋಣೆಯಲ್ಲಿ ಎಡೆ ಹಾಕಿದ್ದಾಯಿತು. ಬಾಳೆಲೆ ತುಂಬ ಮುದ್ದೆ, ಮಟನ್ ಸಾರು, ಕಜ್ಜಾಯ, ವಡೆ. ತಾತನಿಗೆ ಇಷ್ಟವೆಂದು ಒಂದು ಕಟ್ಟು ಬೀಡಿ, ಒಂದು ಗ್ಲಾಸು ಬ್ರಾಂದಿ. ಧೂಪ ಹಾಕಿ, ಎಲ್ಲರೂ ಅಡ್ಡಬಿದ್ದು ಹೊರಬಂದು ಬಾಗಿಲೆಳೆದುಕೊಂಡರು. ಹಿರಿಯರು ಬಂದು ಉಣ್ಣುವವರೆಗೆ ಯಾರೂ ಬಾಗಿಲು ತೆಗೆಯಬಾರದು, ಗದ್ದಲ ಮಾಡಬಾರದು. ಮಕ್ಕಳ ಬಾಯಿಗೂ ಕೈ ಅಡ್ಡ. ಮನೆಯಲ್ಲಿ ನೆಟ್‌ವರ್ಕ್ ಚೆನ್ನಾಗಿ ಸಿಗುವುದು ಆ ಕೋಣೆಯ ಬಾಗಿಲ ಪಕ್ಕ ಮಾತ್ರ. ಭಾವ ಮತ್ತು ನಾನು ಅಲ್ಲೇ ಗೋಡೆಗೊರಗಿ ಕೂತೆವು. ನಡುವೆ ತಂಗಿ. ಎದುರಿಗೆ ಸಾಲಾಗಿ ಹಸಿದ ನೆಂಟರು. ನಾನು ಇಷ್ಟು ತಿಂಗಳು ಕಾದ ಯುದ್ಧ ಪಿಸುದನಿಯಲ್ಲಿ ಶುರುವಾಯಿತು.

“ಬಕೆಟ್ ತೊಳ್ದಿಟ್ಟಿದ್ದೀಯೇನ್ಲಾ?” ಭಾವನ ಪಿಸುಮಾತು.

“ನಿಮ್ ಕೈಗೆ ಚುಚ್ಚಬಾರ್ದು ಅಂತ ಇಡಿಕೆಗೆ ಬಟ್ಟೆ ಸುತ್ತಿದ್ದೀನಿ ಬಾವ,” ನನ್ನ ಪಿಸುಮಾತು.

ಭಾವ ಮೊದಲು ಹೊಡೆದ. ಅವನ ತಂಡ ಚೆನ್ನಾಗಿತ್ತು. ಮೊದಲ ಪಾಳಿಗೇ ಮೂರು ರನ್. ಆರು ಚೆಂಡು ಆದಾಗ ನನ್ನ ಹೆಬ್ಬೆರಳು ತಾನಾಗಿಯೇ ಎಸೆಗಾರನನ್ನು ಬದಲಿಸಲು ಹೊರಟಿತು. ತಂಗಿ ಚಿವುಟಿದಳು. ನನ್ನ ಪಾಳಿಯಲ್ಲಿ ಭಾವ ಬೇಕೆಂದೇ ದೂರದೂರ ಎಸೆದ. ನನ್ನ ಹಳೆಯ ಚಟ ಅವನಿಗೆ ಗೊತ್ತಿತ್ತು. ಹೊಸ ಬುದ್ಧಿ ಗೊತ್ತಿರಲಿಲ್ಲ. ಆದರೂ ಹೆದರಿಕೆಗೆ ಎರಡು ಸಲ ಬೀಸಿ ಸೊನ್ನೆ ಸುತ್ತಿದೆ. ಎರಡನೆಯ ಪಾಳಿಯಲ್ಲಿ ಗಡ್ಡದವನು ಚೆಂಡನ್ನು ಬೇಲಿಯಾಚೆ ಕಳಿಸಿದ. ಮೂಲೆಯಲ್ಲಿ ಸಣಕಲ ನಿಂತಿದ್ದ, ಎರಡು ರನ್ ಬಂತು. ಕೂಗು ಗಂಟಲಿಗೆ ಬಂದದ್ದನ್ನು ನುಂಗಿದೆ. ಮೂರನೆಯ ಪಾಳಿಯ ಹೊತ್ತಿಗೆ ಭಾವ ಐದು, ನಾನು ಎರಡು, ಹೊಡೆತ ನನ್ನದು. ಇಬ್ಬರು ಔಟು.

“ಏಳ್ಲಾ ಬಾಮೈದ, ಈಗ್ಲೇ ಸೊಂಟ ಬಗ್ಸಿ ಅಭ್ಯಾಸ ಮಾಡ್ಕೊ.”

ಭಾವ ಹೊರಗೆ ಎಸೆದ, ಬಿಟ್ಟೆ. ಮತ್ತೆ ಹೊರಗೆ ಎಸೆದ, ಬಿಟ್ಟೆ. ನಾಲ್ಕಾಯಿತು, ಒಬ್ಬ ಪುಕ್ಕಟೆ ಮೂಲೆಗೆ ಹೋದ. ಇನ್ನೊಬ್ಬನೂ ಹಾಗೇ ಹೋದ. ಭಾವ ನನ್ನ ಮುಖ ನೋಡಿದ. ಈಗ ಒಳಗೇ ಎಸೆಯಬೇಕಾಯಿತು. ಸಣಕಲ ಅದನ್ನು ಇಬ್ಬರ ನಡುವೆ ನಯವಾಗಿ ತಳ್ಳಿ ಓಡಿಬಿಟ್ಟ. ಮೂರು ಮೂಲೆಯೂ ತುಂಬಿತು. ಪರದೆಯ ಒಳಗೆ ಮೊದಲು ಹೊಟ್ಟೆ ಬಂತು, ಆಮೇಲೆ ಅವನು.

ಮೊದಲ ಚೆಂಡು ತಪ್ಪಿತು. ಎರಡನೆಯದನ್ನು ಹೊಡೆದ ಹೊಡೆತಕ್ಕೆ ಚೆಂಡು ಆಕಾಶ ಸೇರಿತು. ನಾನು ಬಾಯಿ ತೆರೆದೆ, ತಂಗಿ ಗಬಕ್ಕನೆ ಕೈ ಮುಚ್ಚಿದಳು. ಚೆಂಡು ಗೆರೆಯಿಂದ ಸ್ವಲ್ಪವೇ ಆಚೆ ಬಿತ್ತು. ಫೌಲ್. ಎದುರಿಗಿದ್ದ ನೆಂಟರು ಕೂಡ ಹಸಿವು ಮರೆತು ಕತ್ತು ಮುಂದೆ ಚಾಚಿದ್ದರು. ತಂಗಿ ಬೆವರು ಒರೆಸಿಕೊಳ್ಳಲು ಕೈ ತೆಗೆದಳು.

ಮೂರನೆಯದಕ್ಕೆ ಭಾವ ವೇಗವಾಗಿ, ನೇರವಾಗಿ ಎಸೆದ. ಅವನ ಸಿಟ್ಟೆಲ್ಲ ಆ ಚೆಂಡಿನಲ್ಲಿತ್ತು. ನನ್ನ ಹೊಟ್ಟೆಯವನು ಅದನ್ನು ಬೇಲಿ, ಗ್ಯಾಲರಿ, ಲೈಟು ಕಂಬ ಎಲ್ಲ ದಾಟಿಸಿದ. ನಾಲ್ಕು ರನ್. ಆರು–ಐದು.

“ಓಯ್ತು ಕಣ್ಲೇ! ಓಯ್ತು! ಎತ್ತು ಬಾವ ಎಲೆಯ!” ಎಂದು ಕೂಗಿದೆ. ಕೂಗಿದೆ ಅಂದರೆ ಕಡಿಮೆಯಾಯಿತು. ಕೊಟ್ಟಿಗೆಯಲ್ಲಿ ಹಸು ಎದ್ದು ನಿಂತಿತು. ಒಂದು ಮಗು ಅತ್ತಿತು. ‘ನೀವು’ ಅನ್ನುವುದೂ ಮರೆತುಹೋಗಿತ್ತು.

ಅಜ್ಜಿ ಕಂಬ ಹಿಡಿದು ಎದ್ದಳು.

“ಯಾವನ್ಲಾ ಅವ್ನು ಕೂಗಿದ್ದು? ಇರೀಕ್ರು ಬಂದು ಕುಂತಿರೋ ಒತ್ನಲ್ಲಿ, ಬಾಗ್ಲು ಬುಡದಲ್ಲಿ! ನಿಮ್ ತಾತಂಗೆ ಬದ್ಕಿದ್ದಾಗ್ಲೇ ಗದ್ಲ ಅಂದ್ರೆ ಆಯ್ತಿರ್ಲಿಲ್ಲ. ಎದ್ದೇ ಓಗಿರ್ತಾನೆ.”

ಬಾಗಿಲು ತೆಗೆದು ಒಳಗೆ ಹೋಗಿ ಒಂದೊಂದನ್ನೂ ಬಗ್ಗಿ ನೋಡಿದಳು. ತಾತನ ಗ್ಲಾಸಿನ ಹತ್ತಿರ ನಿಂತು, “ನೋಡು, ಗುಟುಕೂ ಕುಡ್ದಿಲ್ಲ. ಬಾಯ್ಗೆ ಇಡೋವಾಗ್ಲೇ ಕೂಗವ್ನೆ ಮುಂಡೇದು,” ಎಂದಳು.

ನಾನು ಸೋಲೊಪ್ಪಲಿಲ್ಲ. ನೆಂಟರನ್ನೆಲ್ಲ ಸಾಕ್ಷಿಗೆ ಕರೆದು ಷರತ್ತು ಹೇಳಿದೆ. “ಅಜ್ಜಿ, ಇವತ್ತು ಎಲೆ ಎತ್ತೋದು ಬಾವ. ಆಟದಲ್ಲಿ ಸೋತವ್ರೆ. ಮಾತು ಮಾತೇ ತಾನೆ?”

ಅಜ್ಜಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. “ನನ್ ಮಗಳ ಮಗ ಈ ಮನೇಲಿ ಎಂಜಲೆಲೆ ಎತ್ತೋದಾ? ತವರಲ್ಲಿ ನನ್ ಮಗಳ ಮರ್ವಾದೆ ಏನಾಗ್ಬೇಕ್ಲಾ? ನಾನಿರೋಗಂಟ ಅದಾಗಲ್ಲ. ಕೂಗಿದ್ದು ನೀನು. ಇವತ್ತು ಬಡ್ಸೋದೂ ನೀನೆ, ಎಲೆ ಎತ್ತೋದೂ ನೀನೆ.”

ಭಾವ ಕೆಮ್ಮಿದ. ನಗು ಮುಚ್ಚಿಕೊಳ್ಳುವ ಕೆಮ್ಮು. ನನ್ನ ಕಿವಿಯ ಹತ್ತಿರ ಬಗ್ಗಿ, “ಅಜ್ಜಿ ಮನೇಲಿ ತಾನೆ ಅಂತ ಮೊದ್ಲೇ ಕ್ಯೋಳ್ಕೊಂಡಿರ್ಲಿಲ್ವೇನ್ಲಾ ನಾನು?” ಎಂದ.

ಗೆದ್ದವನು ನಾನು. ಪಂಕ್ತಿಯ ಮೊದಲ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತವನು ಅವನು. ನನ್ನ ಕೈಯಲ್ಲಿ ಮುದ್ದೆಯ ಕುಕ್ಕೆ, ತಂಗಿಯ ಕೈಯಲ್ಲಿ ಸಾರಿನ ಬಕೆಟ್ಟು. ಕಣ್ಣಲ್ಲಿ ನೀರು ಬರುವುದೊಂದೇ ಬಾಕಿ. ಆಗ ಅಜ್ಜಿ, ಸಮಾಧಾನವಾಗಲೆಂದೋ ಏನೋ, ಎಲ್ಲರಿಗೂ ಕೇಳುವಂತೆ ಹೇಳಿದಳು: “ಎಲ್ರೂ ಒಟ್ಟೆ ತುಂಬ ಉಣ್ಬೇಕು. ಪಕ್ಷದ ದಿನ ಎಲೇಲಿ ಒಂದಗುಳೂ ಬುಡಂಗಿಲ್ಲ. ಬುಟ್ರೆ ಇರೀಕ್ರಿಗೆ ಅವಮಾನ.”

ನಾನು ಕೈಯಲ್ಲಿದ್ದ ಕುಕ್ಕೆ ನೋಡಿದೆ. ಕೈಗೆ ಅಷ್ಟು ಒಳ್ಳೆಯ ಆಯುಧ ಕೊಟ್ಟು ನನ್ನನ್ನು ಯಾರೂ ಯುದ್ಧಕ್ಕೆ ಕಳಿಸಿರಲಿಲ್ಲ.

ಭಾವ ಮೊದಲ ಮುದ್ದೆ ಮುಗಿಸುತ್ತಿದ್ದಂತೆ ಇನ್ನೊಂದು ಇಟ್ಟೆ. ಅವನು ನಕ್ಕು ಉಂಡ. ಅದು ಮುಗಿಯುವ ಮೊದಲೇ ಮತ್ತೊಂದು ಇಟ್ಟೆ.

“ಸಾಕು ಕಣ್ಲಾ.”

“ಅಜ್ಜೀ, ಬಾವ ಸರ್ಯಾಗಿ ಉಣ್ತಾನೇ ಇಲ್ಲ. ನಮ್ಮನೇಲಿ ಸಂಕೋಚ ಪಟ್ಕೊತಾವ್ರೆ,” ಎಂದು ಕೂಗಿದೆ. ಈ ಸಲ ಕೂಗಿದ್ದಕ್ಕೆ ಅಜ್ಜಿ ಬೈಯಲಿಲ್ಲ.

“ಆಕ್ಲಾ ನನ್ ಮಗೀಗೆ! ಅಂಗಡೀಲಿ ಕುಂತು ಕುಂತು ಸೊರಗೋಗದೆ.”

ಹಾಕಿದೆ. ತಂಗಿ ಸಾರು ಸುರಿದಳು, ತುಂಡಿನ ಮೇಲೆ ತುಂಡು. ಭಾವ ಎಲೆಯ ಮೇಲೆ ಎರಡೂ ಕೈ ಅಡ್ಡ ಇಟ್ಟ. ನಾನು ಬೆರಳ ಸಂದಿಯಲ್ಲಿ ಕಜ್ಜಾಯ ಇಳಿಬಿಟ್ಟೆ. “ತಾತಂಗೆ ಇಷ್ಟ ಇತ್ತು ಬಾವ. ತಾತ ಉಣ್ದೇ ಎದ್ದೋದ್ರಲ್ಲ, ಅವ್ರ ಪಾಲೂ ನೀವೇ ಉಣ್ಬೇಕು.” ಅಜ್ಜಿಯ ಕಣ್ಣು ಒದ್ದೆಯಾಯಿತು. ಆ ಕಣ್ಣಿನ ಮುಂದೆ ಬೇಡವೆನ್ನುವ ಧೈರ್ಯ ಯಾರಿಗಿದೆ? ಭಾವ ನುಂಗಿದ. ಅವನ ಹಣೆಯಿಂದ ಬೆವರು ಸಾರಿಗೆ ತೊಟ್ಟಿಕ್ಕುತ್ತಿತ್ತು. ಶರಟಿನ ಒಂದು ಗುಂಡಿ ತಾನಾಗಿಯೇ ಬಿಟ್ಟುಕೊಟ್ಟಿತು. ನನ್ನನ್ನು ನೋಡಿದ ಅವನ ನೋಟದಲ್ಲಿ ಬೈಗುಳವಿತ್ತು, ಅದನ್ನು ಹೇಳಲು ಬಾಯಲ್ಲಿ ಜಾಗವಿರಲಿಲ್ಲ.

“ನಿಂಗೆ... ನಿಂಗೆ ಮಾಡ್ತೀನಿ ಕಣ್ಲಾ,” ಎಂದ ಮುದ್ದೆಯ ನಡುವಿನಿಂದ.

“ಅಯ್ಯೋ, ನಂಗ್ಯಾಕ್ ಬಾವ, ನೀವ್ ಮೊದ್ಲು ಉಣ್ಣಿ. ತಂಗ್ಯವ್ವ, ಬಾವಂಗೆ ಇನ್ನೊಂದ್ ವಡೆ.”

ಪಂಕ್ತಿ ಎದ್ದಿತು. ಎಲ್ಲರೂ ಕೈ ತೊಳೆದು ಎಲೆ ಅಡಿಕೆಗೆ ಜಗಲಿಗೆ ಹೋದರು. ನಾನು ಬಕೆಟ್ ತಂದು ಆ ತುದಿಯಿಂದ ಒಂದೊಂದೇ ಎಲೆ ಮಡಚಿ ಹಾಕುತ್ತ ಬಂದೆ. ಬೆನ್ನು ನೋಯಲಿಲ್ಲ, ಶರಟಿಗೆ ಸಾರಾದದ್ದೂ ಗೊತ್ತಾಗಲಿಲ್ಲ. ಕೊನೆಗೆ ಉಳಿದದ್ದು ಈ ತುದಿಯ ಒಂದೇ ಎಲೆ. ಅದರ ಮುಂದೆ ಭಾವ ಇನ್ನೂ ಕೂತಿದ್ದ. ಎಲೆ ಖಾಲಿಯಾಗಿತ್ತು. ಅವನು ಒಂದು ಕೈ ನೆಲಕ್ಕೂರಿ ಏಳಲು ನೋಡಿದ, ಆಗಲಿಲ್ಲ. ಎರಡು ಕೈ ಊರಿದ, ಅರ್ಧಕ್ಕೆ ಬಂದು ಮತ್ತೆ ಕೂತ.

ನಾನು ಬಕೆಟ್ ಕೆಳಗಿಟ್ಟು ಅವನ ಎದುರಿಗೆ ನಿಂತೆ.

“ಏಳಿ ಬಾವ. ಎಲೆ ಎತ್ಬೇಕು.”

“ತಡಿಯೋ... ಸೊಲ್ಪ ಒತ್ತು.”

“ನಿಧಾನ ಬಾವ,” ಎಂದೆ. “ನಂಗೇನ್ ಅರ್ಜೆಂಟಿಲ್ಲ.”